ರಾಯಚೂರಿಗೆ ನ್ಯಾನೊ ವಿದ್ಯೆ ಬಂದ ದಾರಿ

ರಾಯಚೂರಿನಲ್ಲಿ ನ್ಯಾನೊ ಸಂಶೋಧನೆ ಬೇರೂರಿದ್ದು ಕೃಷಿ ವಿಶ್ವವಿದ್ಯಾಲಯದಲ್ಲಿ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೂ ಅದಕ್ಕೂ ಸಂಬಂಧವಿಲ್ಲ. ತೊಗರಿ, ಭತ್ತ, ಹತ್ತಿ ಬೆಳೆಯುವ ಸೀಮೆಯಾದ್ದರಿಂದ ಇಲ್ಲಿನ ಪ್ರಶ್ನೆಗಳು ಬೀಜ ಮತ್ತು ಗೊಬ್ಬರದ ಸುತ್ತಲೇ ಹುಟ್ಟಿದವು. ಉತ್ತರ ಹುಡುಕುವ ವಿದ್ಯೆ ಮಾತ್ರ ಹಲವು ದೇಶಗಳನ್ನು ದಾಟಿ ಬಂತು.

1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್ ಮತ್ತು ರೋರರ್ ರೂಪಿಸಿದ ಸೂಕ್ಷ್ಮದರ್ಶಕದಿಂದ ಪರಮಾಣುಗಳ ಮೇಲ್ಮೈ ನೋಡಲು ಸಾಧ್ಯವಾಯಿತು. ಭಾರತದಲ್ಲಿ ಈ ಕ್ಷೇತ್ರಕ್ಕೆ ನೆಲೆ ಒದಗಿಸಿದವರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಮುಖ್ಯರು. ಅಮೆರಿಕದ ಪರ್ಡ್ಯೂದಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದ ಅವರು, 2004ರಲ್ಲಿ ಜರ್ಮನಿಯ ಆಕಿಮ್ ಮ್ಯೂಲರ್ ಮತ್ತು ಬ್ರಿಟನ್ನಿನ ಆಂಟನಿ ಚೀತಮ್ ಜೊತೆಗೂಡಿ ನ್ಯಾನೊ ವಸ್ತುಗಳ ರಸಾಯನಶಾಸ್ತ್ರ ಕುರಿತ ಗ್ರಂಥವನ್ನು ಸಂಪಾದಿಸಿದರು. 2005ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ನ್ಯಾನೊ ತಂತ್ರಜ್ಞಾನಕ್ಕೆಂದೇ ಸಮಿತಿ ರಚಿಸಿತು. ನ್ಯಾನೊ ಎಂದರೆ ಸ್ಥೂಲವಾಗಿ 1ರಿಂದ 100 ನ್ಯಾನೊಮೀಟರ್ ಎಂಬ ಅಳತೆಗೆ ಹಲವು ದೇಶಗಳ ಒಪ್ಪಿಗೆ ಸಿಕ್ಕಿದ್ದು ಇಂಥ ಕೂಡು ಕೆಲಸದಿಂದ. 2007ರಲ್ಲಿ ಭಾರತ ಸರ್ಕಾರ ₹1,000 ಕೋಟಿಯ ನ್ಯಾನೊ ಮಿಷನ್ ಆರಂಭಿಸಿತು.

ಉಪಕರಣಗಳ ಬೆಲೆ ಸಣ್ಣ ಊರಿನ ಕಾಲೇಜಿಗೆ ನಿಲುಕುವಂಥದ್ದಲ್ಲ. 2008ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿ ತಮ್ಮ ಪ್ರಯೋಗಾಲಯಗಳನ್ನು ಹೊರಗಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರೆದು ತರಬೇತಿ ಕೊಡತೊಡಗಿದ್ದು ಈ ಚರಿತ್ರೆಯ ಅತಿ ಉಪಕಾರದ ಹೆಜ್ಜೆ.

ಸರಿಸುಮಾರು ಅದೇ ಕಾಲಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟಿತು. ಮುಂದೆ ಅಲ್ಲಿ ನ್ಯಾನೊ ತಂತ್ರಜ್ಞಾನ ಕೇಂದ್ರವೂ ತಲೆಯೆತ್ತಿತು. ಬೆಳೆಗೆ ಪೋಷಕವಾದ ಸತುವಿನ ಆಕ್ಸೈಡ್ ಕಣ ತಯಾರಿಸುವ ಒಂದು ರೂಢಿಯ ವಿಧಾನ ಹೀಗಿದೆ: ಎಲೆ ಕುದಿಸಿ ಸೋಸಿದ ರಸಕ್ಕೆ ಜಿಂಕ್ ನೈಟ್ರೇಟ್ ಬೆರೆಸಿ ಕಾಯಿಸಿದರೆ ಮಿಶ್ರಣ ಮುದ್ದೆಗಟ್ಟುತ್ತದೆ; ಅದನ್ನು ಕುಲುಮೆಯಲ್ಲಿ ಸುಟ್ಟರೆ ಬಿಳಿ ಪುಡಿ ಉಳಿಯುತ್ತದೆ. 1,000 ನ್ಯಾನೊಮೀಟರ್ ಕಣ 50ಕ್ಕೆ ಇಳಿದರೆ ಅಷ್ಟೇ ತೂಕದ ಪುಡಿಯ ಮೇಲ್ಮೈ 20 ಪಟ್ಟು ಹಿಗ್ಗುತ್ತದೆ. ಕಡಿಮೆ ಪುಡಿಯಿಂದ ಹೆಚ್ಚು ಫಲ ಸಿಕ್ಕೀತೆಂಬ ನಿರೀಕ್ಷೆಯ ಬುಡ ಇದೇ. ಸತು ಮತ್ತು ಕಬ್ಬಿಣದ ನ್ಯಾನೊ ಕಣಗಳನ್ನು ತೊಗರಿ ಬೀಜಕ್ಕೆ ಲೇಪಿಸಿ ಮೊಳಕೆ ಪರೀಕ್ಷಿಸಿದ ರಾಯಚೂರಿನ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಪ್ರಯೋಗಾಲಯದ ಫಲ ಹೊಲಕ್ಕೆ ಇಳಿಯುವ ಹಂತವೇ ಕಠಿಣ. ರಾಯಚೂರು ಜಿಲ್ಲೆಯಲ್ಲೇ ಮಾನ್ವಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯದು. ಕಾಲುವೆ ಮುಟ್ಟದ ಎರೆಹೊಲಗಳು ಮಳೆಯನ್ನೇ ನಂಬಿವೆ. ಒಂದೇ ಪುಡಿ ಎಲ್ಲೆಡೆ ಒಂದೇ ರೀತಿ ಕೆಲಸ ಮಾಡೀತೆಂದು ಹೇಳಲಾಗದು. 2020ರಲ್ಲಿ ಕೇಂದ್ರ ಸರ್ಕಾರ ಕೃಷಿ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಸಹಕಾರಿ ಗೊಬ್ಬರ ಸಂಸ್ಥೆ ಇಫ್ಕೋದ ನ್ಯಾನೊ ಯೂರಿಯಾ ಬಾಟಲಿ ಮಾರುಕಟ್ಟೆಗೆ ಬಂತು. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಅದರ ಸಾಮರ್ಥ್ಯದ ಹೇಳಿಕೆಗಳನ್ನು ಪ್ರಶ್ನಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಗೋಧಿ, ಭತ್ತ ಎರಡರ ಇಳುವರಿಯೂ ಕುಸಿದದ್ದು ಕಂಡಿತು. ದೂರದ ವಿಜ್ಞಾನಿಗಳ ಇಂಥ ತಕರಾರೂ ಸಹಕಾರದ ಒಂದು ರೂಪವೇ. ಸಾಲ ಮಾಡಿ ಗೊಬ್ಬರ ಕೊಳ್ಳುವ ರೈತನನ್ನು ಅದು ಕಾಯುತ್ತದೆ. ಮಾನ್ವಿಯ ಗದ್ದೆಯಲ್ಲೂ ದೇವದುರ್ಗದ ಎರೆಹೊಲದಲ್ಲೂ ಹಲವು ಹಂಗಾಮು ಪರೀಕ್ಷೆಯಾದ ಮೇಲೆಯೇ ಶಿಫಾರಸು ಹೊರಡಬೇಕು, ಆ ಫಲಿತಾಂಶ ರೈತರ ಕೈಗೆ ಕನ್ನಡದಲ್ಲೇ ಸಿಗಬೇಕು.