ಇಲಿ ಬಿದ್ದ ಮನೆ

ಬಸವನಗುಡಿ, ಮಲ್ಲೇಶ್ವರಂಗಳ ಅಗಲವಾದ ರಸ್ತೆಗಳನ್ನು ಮೆಚ್ಚದವರಿಲ್ಲ. ಈ ಬಡಾವಣೆಗಳನ್ನು ಕಟ್ಟಿಸಿದ್ದು ಒಂದು ಮಹಾಮಾರಿ ಎಂಬುದು ಮಾತ್ರ ಅಲ್ಲಿ ಸಂಜೆ ತಿರುಗಾಡುವ ಎಷ್ಟು ಮಂದಿಗೆ ನೆನಪಿದೆಯೋ! 1898ರ ಆಗಸ್ಟ್‌ನಲ್ಲಿ ಪ್ಲೇಗು ರೈಲು ಹಿಡಿದು ಬೆಂಗಳೂರಿಗೆ ಬಂತು. ನಮ್ಮ ಮನೆಗಳಲ್ಲಿ ಅದನ್ನು ತಾವೂನ್ ಎನ್ನುತ್ತಾರೆ. ಚಾಮರಾಜಪೇಟೆ ಆಗಲೇ ಎದ್ದಿತ್ತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಾವು ಬೆಳೆದಾಗ ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೇಕೆನಿಸಿದವು.

ರಸ್ತೆ ಬಂತು, ಸರಿ. ಆದರೆ ಜನರನ್ನು ಯಾರು ಕೇಳಿದರು? ಮನೆ ಶೋಧಿಸುವುದು, ರೋಗಿಯನ್ನು ಎಳೆದೊಯ್ದು ಕ್ಯಾಂಪಿಗೆ ಹಾಕುವುದು, ಹೆಣವನ್ನೂ ಪರೀಕ್ಷಿಸುವುದು ಆ ಕಾಲದ ಕ್ರಮ. ಪರದೆಯ ಹೆಂಗಸರಿರುವ ಮನೆಗೆ ಅಪರಿಚಿತ ಗಂಡಸರು ನುಗ್ಗಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಜನ ರೋಗಿಗಳನ್ನು ಬಚ್ಚಿಟ್ಟರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ದಂಗೆಯೇ ಎದ್ದಿತು. ಇದನ್ನೆಲ್ಲ ಅಧಿಕಾರಿಗಳು ಮೌಢ್ಯವೆಂದು ಬರೆದಿಟ್ಟರು.

ಆ 'ಮೂಢ'ರಿಗೆ ಒಂದು ಸಂಗತಿ ಗೊತ್ತಿತ್ತು. ಮನೆಯಲ್ಲಿ ಇಲಿ ಬಿತ್ತೆಂದರೆ ಬಾಗಿಲಿಗೆ ಬೀಗ ಜಡಿದು, ಮಕ್ಕಳು ಮರಿಗಳೊಂದಿಗೆ ಊರ ಹೊರಗೆ ಗುಡಿಸಲು ಹಾಕಬೇಕು. ದೊಡ್ಡ ದೊಡ್ಡ ವೈದ್ಯರು ಕೊಳೆ, ದುರ್ಗಂಧ ಎನ್ನುತ್ತಿದ್ದಾಗ, ಇಲಿಯ ಮೈಯ ಚಿಗಟವೇ ರೋಗ ಹರಡುತ್ತದೆಂದು ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿದವರು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್. ಅವರನ್ನು ನಂಬಲು ವೈದ್ಯಲೋಕಕ್ಕೆ ವರ್ಷಗಳೇ ಬೇಕಾದವು.

ಹೊರಗಿನಿಂದ ಬಂದು ಸೇವೆ ಮಾಡಿದವರನ್ನೂ ಮರೆಯಬಾರದು. ಈಳವ ಜಾತಿಯವರೆಂದು ತಿರುವಾಂಕೂರು ಕೆಲಸ ಕೊಡದ ಡಾ. ಪಲ್ಪು ಮೈಸೂರಿನ ನೌಕರಿಗೆ ಸೇರಿ, ಬೆಂಗಳೂರಿನ ಪ್ಲೇಗು ಕ್ಯಾಂಪಿನಲ್ಲಿ ಸಾಯುವವರ ನಡುವೆ ನಿಂತು ದುಡಿದರು. ಊರವರು ಮುಟ್ಟದ ಕೈಯೇ ಇಲ್ಲಿ ನಾಡಿ ಹಿಡಿಯಿತು!

ಜನರನ್ನು ಕೂತು ಕೇಳುವ ಕೆಲಸ ಕನ್ನಡ ನಾಡಿನಲ್ಲಿ ಬಹಳ ತಡವಾಗಿ ಆಯಿತು. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞ ದಂಪತಿ 1970ರ ದಶಕದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ನೆಲೆಸಿ, ಕಾಯಿಲೆ ಎಂದರೆ ಜನ ಏನೆಂದು ತಿಳಿಯುತ್ತಾರೆಂದು ಕೇಳಿಕೊಂಡರು. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ಕಡೆ ಮಂಗನ ಕಾಯಿಲೆ ಕಾಣಿಸಿತು. ಕಾಡಿಗೆ ಕೈ ಹಾಕಿದ್ದಕ್ಕೆ ದೈವ ಮುನಿದಿದೆ ಎಂದರು ಜನ. ಮಾರ್ಕ್ ನಿಕ್ಟರ್ ಈ ಮಾತನ್ನು ಮೌಢ್ಯವೆಂದು ತಳ್ಳಲಿಲ್ಲ. 1987ರ ತಮ್ಮ ಪ್ರಬಂಧದಲ್ಲಿ ಇದನ್ನು 'ಅಭಿವೃದ್ಧಿಯ ರೋಗ' ಎಂದೇ ಕರೆದರು. ಉಣ್ಣೆ ಕಚ್ಚಿ ಹರಡುವ ಈ ಜ್ವರ ಅಲ್ಲಿ ಎದ್ದದ್ದು ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ. ಮೊದಲು ಹಾಸಿಗೆ ಹಿಡಿದವರು ಕೊಡಲಿ ಹಿಡಿದಿದ್ದ ಕೂಲಿಗಳು.