ಎಡೆದೊರೆ ನಾಡಿನಲ್ಲಿ 'ತಾಳ್ಮೆ': ಪದ, ಬಳಕೆ, ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗಕ್ಕೆ ಪ್ರಾಚೀನ ಕಾಲದಲ್ಲಿ ಎಡೆದೊರೆ ನಾಡೆಂಬ ಹೆಸರಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿನ ಊರುಗಳು. ತಾಳ್ಮೆ, ಸೈರಣೆ, ಸಹನೆ ಎಂಬ ಶಬ್ದಗಳು ಗ್ರಂಥಗಳಲ್ಲಿ ಹೇರಳವಾಗಿವೆ. ಇಲ್ಲಿಯ ಹೊಲ ಮನೆ ಸಂತೆಗಳಲ್ಲಿಯಾದರೋ 'ತಾಳು', 'ಜರಾ ತಡೀರಿ', 'ಸಬೂರಿ ಇರಲಿ' ಎಂಬ ಮಾತುಗಳೇ ಕೇಳಿಬರುತ್ತವೆ. ಇವುಗಳ ಅರ್ಥವೇನು, ಯಾರು ಯಾರಿಗೆ ಈ ಮಾತನ್ನು ಹೇಳುತ್ತಾರೆ ಎಂಬುದು ಚರಿತ್ರೆಯ ವಿದ್ಯಾರ್ಥಿಗೂ ವಿಚಾರಣೀಯವಾದುದು.

'ತಾಳ್' ಧಾತುವಿಗೆ ಹೊರು, ಧರಿಸು, ಹೊಂದು ಎಂಬ ಅರ್ಥಗಳಿವೆ. ಜನ್ಮ ತಾಳುವುದು, ರೂಪ ತಾಳುವುದು ಎನ್ನುತ್ತೇವೆ; ಬಟ್ಟೆ ಬಹುಕಾಲ ತಾಳಿತು ಎಂದಾಗ ಅದರ ಗಟ್ಟಿತನವನ್ನು ಹೇಳುತ್ತೇವೆ. ನೀರನ್ನು ತಡೆಯುವ ಒಡ್ಡಿಗೂ ನೋವನ್ನು ತಡೆದುಕೊಳ್ಳುವ ಮನುಷ್ಯನಿಗೂ ಒಂದೇ ಧಾತು ಸಲ್ಲುತ್ತದೆ. 'ಸಬೂರಿ'ಯ ಮೂಲ ಅರಬ್ಬಿಯ 'ಸಬ್ರ್'. ಪಾರಸಿ, ಉರ್ದುಗಳ ಮೂಲಕ ಬಂದ ಈ ಶಬ್ದ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಕನ್ನಡದಲ್ಲಿ ಮನೆಮಾತಾಗಿ ಬೆರೆತಿದೆ. ಒಟ್ಟಿನಲ್ಲಿ 'ತಾಳ್', 'ತಡೆ' ಎಂಬ ಧಾತುಗಳು ಸೂಚಿಸುವುದು ಜಡತೆಯನ್ನಲ್ಲ, ಶಕ್ತಿಯನ್ನು.

ನಿತ್ಯದ ಬಳಕೆಯಲ್ಲಿ ಮಾತ್ರ ಈ ಅರ್ಥ ಮಸುಕಾಗಿದೆ. 'ತಡೀರಿ' ಎನ್ನುವವನು ಸಾಮಾನ್ಯವಾಗಿ ಕೊಡಬೇಕಾದವನು, ಕೇಳುವವನು ಕಾಯಬೇಕಾದವನು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ತರುವಾಯ ಎಡದಂಡೆ ಕಾಲುವೆಯಿಂದ ಸಿಂಧನೂರು ಬತ್ತದ ಸೀಮೆಯಾಯಿತು. ಆದರೆ ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರಿಗಿಂತ ಮೊದಲು ತಲುಪುವುದು ಈ ಮಾತೇ. 'ತಾಳಿದವನು ಬಾಳಿಯಾನು' ಎಂಬ ಗಾದೆಯೂ ಬಹುಮಟ್ಟಿಗೆ ಅಂಥವನಿಗೆ ಹೇಳುವ ಸಮಾಧಾನವಾಗಿದೆ. ಹೀಗೆ ತಾಳ್ಮೆಯೆಂಬುದು ದುರ್ಬಲರ ಕರ್ತವ್ಯವೆಂದು ಎಣಿಸಲ್ಪಟ್ಟಿದೆ.

ಪ್ರಾಚೀನ ಆಧಾರಗಳು ಬೇರೊಂದು ಸಂಗತಿಯನ್ನು ತಿಳಿಸುತ್ತವೆ. ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನು ಅಶೋಕನ ಶಾಸನವನ್ನು ಕಂಡನು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಇದರಿಂದ ದೃಢಪಟ್ಟಿತು. ತಾಳ್ಮೆಯೆಂಬ ಶಬ್ದ ಇದರಲ್ಲಿಲ್ಲ. ಆದರೆ ತಾನು ಉಪಾಸಕನಾಗಿ ಎರಡೂವರೆ ವರ್ಷಗಳು ಮಿಕ್ಕಿದುವೆಂದು ಚಕ್ರವರ್ತಿಯೇ ಕಾಲವನ್ನು ಲೆಕ್ಕ ಹಾಕಿ ಹೇಳುತ್ತಾನೆ; ಈ ಸಿದ್ಧಿ ದೊಡ್ಡವರಿಗೆ ಮಾತ್ರವಲ್ಲ, ಧರ್ಮಯುಕ್ತನಾದ ಸಾಮಾನ್ಯನಿಗೂ ಸಾಧ್ಯವೆನ್ನುತ್ತಾನೆ.

ಒಡಿಶಾದ ಧೌಳಿಯಲ್ಲಿರುವ ಅವನ ಪ್ರತ್ಯೇಕ ಶಾಸನ ಇನ್ನೂ ಸ್ಪಷ್ಟವಾಗಿದೆ. ಈ ಪ್ರತ್ಯೇಕ ಶಾಸನಗಳ ಪಾಠಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ 1989ರಲ್ಲಿ ದೊರೆತವು. ಧೌಳಿಯ ಶಾಸನವು ನ್ಯಾಯ ವಿಚಾರಿಸುವ ನಗರಾಧಿಕಾರಿಗಳನ್ನು ಉದ್ದೇಶಿಸಿದ್ದು. ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ ಎಂಬ ಏಳು ದೋಷಗಳನ್ನು ಅದು ಎಣಿಸುತ್ತದೆ. ಕೋಪಗೊಳ್ಳದಿರುವುದು, ಆತುರಪಡದಿರುವುದು ಇವೇ ಎಲ್ಲಕ್ಕೂ ಮೂಲವೆನ್ನುತ್ತದೆ. ಆತುರದ ಜೊತೆಯಲ್ಲಿಯೇ ಆಲಸ್ಯವೂ ದೋಷವೆನಿಸಿರುವುದು ಗಮನಾರ್ಹ. ಜನರನ್ನು ಕಾಯಿಸುವುದು ಅಧಿಕಾರಿಯ ತಾಳ್ಮೆಯಲ್ಲ; ಅವರ ಅಹವಾಲನ್ನು ಕೋಪವಿಲ್ಲದೆ ಕೇಳಿ ಕಾಲಕ್ಕೆ ಸರಿಯಾಗಿ ನಡೆಸಿಕೊಡುವುದೇ ತಾಳ್ಮೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೂ ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಬಗೆಯುತ್ತದೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಕೃತಿಯಲ್ಲಿ ಸೈರಣೆ ಉಳ್ಳವರ ಗುಣವಾಗಿದೆ.

ಆದುದರಿಂದ ತಾಳ್ಮೆಯನ್ನು ಕಾಯುವವನಿಂದ ಮಾತ್ರ ನಿರೀಕ್ಷಿಸುವ ರೂಢಿಗೆ ಪದದ ಮೂಲಾರ್ಥದಲ್ಲಾಗಲಿ ಈ ಪ್ರಾಚೀನ ಆಧಾರಗಳಲ್ಲಾಗಲಿ ಬೆಂಬಲವಿಲ್ಲ. ಹೊರಬಲ್ಲವನೇ ಮೊದಲು ಹೊರಬೇಕಾದ ಭಾರವದು.