ಸದ್ದಿಗೆ ನಡುಗಿದ ಸಿಪಾಯಿ

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ತನ್ನದೇ 300ಕ್ಕೂ ಹೆಚ್ಚು ಸಿಪಾಯಿಗಳಿಗೆ ಗುಂಡಿಕ್ಕಿತು. ಹೇಡಿತನ ತೋರಿದರು, ಓಡಿಹೋದರು ಎಂಬಂಥ ಆರೋಪ. ಅವರಲ್ಲೊಬ್ಬ ಹ್ಯಾರಿ ಫಾರ್.

1915ರಲ್ಲಿ ಈತ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಕಾಗದವನ್ನೂ ನರ್ಸ್ ಬರೆದುಕೊಡಬೇಕಿತ್ತು. ಇಂಥ ಸ್ಥಿತಿಗೆ ಅದೇ ವರ್ಷ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 'ಶೆಲ್ ಶಾಕ್' ಎಂದು ಬರೆದಿದ್ದರು. ಫಿರಂಗಿ ಗುಂಡಿನ ಹೊಡೆತಕ್ಕೆ ಮಿದುಳು ಅಲುಗಿರಬೇಕು ಎಂದು ಮೊದಮೊದಲು ಹಲವರು ನಂಬಿದ್ದರು. ಗುಂಡು ಸಿಡಿದ ಜಾಗದಲ್ಲಿ ಇಲ್ಲದವರೂ ಹಾಗೇ ನಡುಗತೊಡಗಿದಾಗ, ಪೆಟ್ಟು ಬಿದ್ದಿರುವುದು ಮನಸ್ಸಿಗೆ ಎಂದು ಗೊತ್ತಾಯಿತು.

ಫಾರ್‌ನನ್ನು ಮತ್ತೆ ಯುದ್ಧಕ್ಕೇ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಇನ್ನು ಮುಂದೆ ಹೋಗಲಾರೆ ಎಂದ. ವಿಚಾರಣೆ ಸುಮಾರು 20 ನಿಮಿಷ. ಪರವಾಗಿ ಮಾತಾಡಲು ವಕೀಲನಿಲ್ಲ. ಅಕ್ಟೋಬರಿನಲ್ಲಿ ಕೊಂದರು.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ಇದೇ ಕಾಯಿಲೆಗೆ ಆಸ್ಪತ್ರೆ ಶುರುವಾಯಿತು. ಆದರೆ ಅದು ಅಧಿಕಾರಿಗಳಿಗೆ! ಅಲ್ಲಿ ಡಾಕ್ಟರ್ ರಿವರ್ಸ್ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. 'ಮರೆತುಬಿಡು' ಎಂದು ಅದುಮಿದಷ್ಟೂ ಅದು ರಾತ್ರಿ ಕನಸಾಗಿ ಏಳುತ್ತದೆ. ಹಾಗಂತ ಸದಾ ಅದನ್ನೇ ಕೆದಕುತ್ತಲೂ ಕೂರಬಾರದು. ನಂಬುಗೆಯವರ ಹತ್ತಿರ ಹೇಳಿಕೊಳ್ಳಬೇಕು ಎಂಬುದು ಅವರ ದಾರಿ. (ಪಟಾಕಿ ಸದ್ದಿಗೆ ಬೆವರುವವನನ್ನು ನಮ್ಮೂರುಗಳಲ್ಲಿ ಈಗಲೂ 'ಪುಕ್ಕಲ' ಎನ್ನುತ್ತೇವಲ್ಲ, ಅವನಿಗೂ ಇದೇ ಬೇಕಿರಬಹುದು.)

ಫಾರ್ ಹೆಂಡತಿಗೆ ಪಿಂಚಣಿಯೂ ಸಿಗದೆಹೋಯಿತು. ಸರ್ಕಾರ ಅವನಿಗೆ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಆಗ ಅವನ ಮಗಳಿಗೆ 93 ವರ್ಷ.